ಬ್ರೇಕ್ ಒತ್ತೀನ್ರೀ ಸಾಹೇಬ್ರ

ನನ್ನ ನೌಕರಿಯೊಳಗ ನಾನು ನೋಡಿದ ಗಾಡಿಗಳೆಲ್ಲಾ ಬ್ರೇಕ್ ಫೇಲ್. ಕೆರಿಗೆ ಬಿದ್ದದ್ದು ಬ್ರೇಕ್ ಫೇಲ್, ಕಿರಾಣಿ ಅಂಗಡಿ ಹೊಕ್ಕದ್ದು ಬ್ರೇಕ್ ಫೇಲ್, ಬೀಗರ ಮನಿ ಕಂಪೌಂಡ್ ಕೆಡವಿದ್ದು ಬ್ರೇಕ್ ಫೇಲ್. ಹೋಗಿ ಬ್ರೇಕ್ ನೋಡಿದ್ರ ಹೊಸಾ ಅಳಿಯ ಇದ್ದಂಗ ಚಲೋ ಇರತಿತ್ತು. ಖರೇನ ಬ್ರೇಕ್ ಹೋದದ್ದು ಒಂದೂ ನೋಡಿಲ್ಲ ಅಂದ್ರ ಸುಳ್ಳಾಗತೈತಿ. ಹಳೇ ಲಾರಿ, ಹಳೇ ಜೀಪ್ ಒಂದಿಷ್ಟು ಇದ್ದವು. ಉಳಿದವರದ್ದೆಲ್ಲಾ ಕುಣಿಯಾಕ ಬರದವಳು ನೆಲ ಡೊಂಕು ಅಂದಂಗ.

ನಾನು ಮೋಟಾರು ಗಾಡಿ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಸರು ಚೆನ್ನಬಸಪ್ಪ. ತೆಲುಗು ಸೀಮಿ ಗಡಿಯ ನಾರಾಯಣಪೇಟ, ಮಕ್ತಲ್, ಗದ್ವಾಲ್, ಈ ಮೂರೂರ ನಡುವ ಓಡಾಡಿ ನನ್ನ ಸರ್ವಿಸೂ ಸವೀತು, ಮೊಣಕಾಲೂ ಸವದ್ವು. ನಾವು ಲೈಸೆನ್ಸ್ ಕೊಡೋದು ಜನಕ್ಕ ಗೊತ್ತೈತಿ. ಇನ್ನೊಂದು ಕೆಲಸ ಗೊತ್ತಿಲ್ಲ. ಆಕ್ಸಿಡೆಂಟ್ ಆದ ಗಾಡಿ ತಂದು ಪೊಲೀಸ್ರು ಠಾಣೆ ಅಂಗಳದಾಗ ನಿಲ್ಲಸ್ತಾರ, ನಮಗ ಪತ್ರ ಕಳಸ್ತಾರ. ನಾವು ಹೋಗಿ ನೋಡಿ, ಗಾಡಿಯೊಳಗ ದೋಷ ಇತ್ತೋ ಇಲ್ಲೋ ಅಂತ ಒಂದು ಸಾಲು ಬರದು ಕೊಡಬೇಕು. ಒಂದ ಸಾಲು. ಈ ಮಾತು ನೆನಪಿಟ್ಕೊಳ್ರಿ, ಮುಂದ ಬೇಕಾಗತೈತಿ.

ಹೊಸದಾಗಿ ಈ ಕೆಲಸಕ್ಕ ಸೇರಿದವರು ಕೆಲವರು ಬಂದು “ಸರ್, ನಿಮ್ಮ ಅನುಭವ ಬರದು ಕೊಡ್ರಿ” ಅಂದ್ರು. ಪ್ರಮೋಷನ್ ಯಾವಾಗ ಬಂತು, ಸನ್ಮಾನಕ್ಕ ಯಾವ ಶಾಲು ಹೊದಿಸಿದ್ರು ಅನ್ನೋದೆಲ್ಲಾ ಬರಿಯಂಗಿಲ್ಲ. ಆ ಶಾಲು ಈಗ ನಮ್ಮ ಮನ್ಯಾಗ ಇಸ್ತ್ರಿ ಮಾಡಾಕ ಟೇಬಲ್ ಮ್ಯಾಲ ಹಾಸತಾರ.

ನನ್ನ ಮೊದಲ್ನೇ ಸಾಹೇಬ್ರು ಹನುಮಂತರಾಯರು. ಮಂತ್ರಾಲಯಕ್ಕ ನಡಕೊಳ್ಳೋ ಮನೆತನ. ಏಕಾದಶಿ ದಿನ ಅನ್ನ ಮುಟ್ಟತಿದ್ದಿಲ್ಲ. ಗಾಡಿ ಮುಟ್ಟದೇ ಇರಾಕ ಅವರಿಗೆ ಏಕಾದಶೀನೂ ಬೇಕಿದ್ದಿಲ್ಲ. ಠಾಣೆ ಮುಂದಿನ ಬೇವಿನ ಗಿಡದ ನೆಳ್ಳಾಗ ಕುರ್ಚಿ ಹಾಕಿಸ್ಕೊಂಡು ಕುಂತು, “ಚೆನ್ನಬಸಪ್ಪ, ಕೆಳಗ ಹೋಗು” ಅಂತಿದ್ರು. ನಾನು ಗಾಡಿ ಕೆಳಗ ಹೋಗಿ, ಆಯಿಲ್ ಮುಖಕ್ಕ ಬಳಕೊಂಡು ಎದ್ದು ಬರೋದ್ರಾಗ ರಿಪೋರ್ಟ್ ಸಹಿ ಆಗಿರತಿತ್ತು. “ಸರ್, ನಾನಿನ್ನೂ ಹೇಳೇ ಇಲ್ಲಲ್ರೀ” ಅಂದ್ರ, “ಏನೈತೋ ಅದರಾಗ ಹೇಳಾಕ? ಗಾಡಿ ಸುಳ್ಳ ಹೇಳಂಗಿಲ್ಲ, ಮನುಷ್ಯ ಹೇಳತಾನ. ಬರಕೋ” ಅಂತಿದ್ರು.

ಅವರ ಮೈಗಳ್ಳತನ ನನಗ ಬರಲಿಲ್ಲ. ಆದ್ರ ಆ ಮಾತು ಮಾತ್ರ ಎದಿಯೊಳಗ ಕೊರದಂಗ ಕುಂತುಬಿಡ್ತು. ಗಾಡಿ ಸುಳ್ಳ ಹೇಳಂಗಿಲ್ಲ, ಮನುಷ್ಯ ಹೇಳತಾನ. ಊರೂರಿಗೆ ಇದನ್ನ ಹೇಳಕೋತ ತಿರಗಿದೆ. ಜನ ನನಗ ‘ಬ್ರೇಕ್ ಸಾಹೇಬ್ರು’ ಅಂತ ಹೆಸರಿಟ್ರು. ಎದುರಿಗೆ ಗೌರವಕ್ಕ, ಹಿಂದ ಚ್ಯಾಷ್ಟಿಗೆ.

ಗೇರ್ ಇಲ್ಲದ ಕಾರು ಬಂದ ಮ್ಯಾಲ ನನ್ನ ಕೆಲಸಕ್ಕ ರಂಗ ಬಂತು. ಕ್ಲಚ್ ಇಲ್ಲ. ಕಾಲಿಗೆ ಎರಡ ಪೆಡಲ್, ಒಂದು ನಿಲ್ಲಸೋದು, ಇನ್ನೊಂದು ಓಡಸೋದು. ಎರಡರಾಗ ಒಂದು ಆರಿಸಾಕ ಏನು ಕಷ್ಟ ಅಂತೀರಿ? ಮಕ್ತಲ್‌ನ ಎಣ್ಣಿ ವ್ಯಾಪಾರಿ ಒಬ್ಬರನ್ನ ಕೇಳಬೇಕಿತ್ತು.

ಅವರು ಹೊಸಾ ಕಾರು ತಂದು ಗುಡಿ ಮುಂದ ನಿಲ್ಲಿಸಿ ಪೂಜಿ ಇಟ್ಕೊಂಡಿದ್ರು. ನಮ್ಮ ಕಡೆ ಪದ್ಧತಿ ಗೊತ್ತಲ್ರೀ, ನಾಲ್ಕೂ ಗಾಲಿ ಕೆಳಗ ನಿಂಬಿಹಣ್ಣು ಇಡಬೇಕು. ಬಾನೆಟ್ ಮುಂದ ಕಾಯಿ ಒಡಿಬೇಕು. ಮಾಲಕರು ಚಪ್ಪಲಿ ಬಿಟ್ಟು ಬರಿಗಾಲಿಲೆ ಒಳಗ ಕುಂತು, ಗಾಡಿ ಒಂದು ಗೇಣು ಮುಂದ ಬಿಟ್ಟು ನಿಂಬಿಹಣ್ಣು ಚಿಪ್ಪಿ ಮಾಡಬೇಕು. ಒಂದು ಗೇಣು! ವ್ಯಾಪಾರಿಗಳು ಕಾಯಿನೀರಾಗ, ಕುಂಕುಮದಾಗ ತುಳದ ಕಾಲಿಲೆ ಹೋಗಿ ಕುಂತ್ರು. ಬ್ರೇಕ್ ಮ್ಯಾಲಿನ ಕಾಲು ಸಡಿಲ ಬಿಟ್ರ ಸಾಕು, ಗಾಡಿ ತಾನ ತೆವಳತೈತಿ. ಇವರು ಸಡಿಲ ಬಿಟ್ರು, ನಿಂಬಿಹಣ್ಣು ಪಚಕ್ ಅಂತು, ಖುಷಿಯಾಗಿ “ಸಾಕು” ಅಂತ ಕಾಲು ಒತ್ತಿದ್ರು. ಗಾಡಿ ಕಾಯಿ ಅಂಗಡಿ ಹೊಕ್ಕು, ಹೂವಿನ ಅಂಗಡಿ ದಾಟಿ, ಚಪ್ಪಲಿ ಕಾಯೋ ಮುದುಕಿ ಎದ್ದು ಓಡಿದ ಜಾಗಕ್ಕ ಹೋಗಿ ನಿಂತಿತು. ಪುಣ್ಯಕ್ಕ ಒಬ್ಬರಿಗೂ ಏನೂ ಆಗಲಿಲ್ಲ. ಕಾಯಿ ಮಾತ್ರ ಒಂದು ಗಾಡಿಗೆ ಬೇಕಾದಕಿಂತ ಜಾಸ್ತಿನ ಒಡದ್ವು.

ನಾನು ಹೋಗೋದ್ರಾಗ ಪಂಚಾಯ್ತಿ ನಡದಿತ್ತು. ವ್ಯಾಪಾರಿಗಳು ಬ್ರೇಕ್ ಫೇಲ್ ಅಂತಿದ್ರು. ಅವರ ತಮ್ಮ, ಪೂಜಿ ಮಾಡಿಸಿದ ಸ್ವಾಮಿಗಳು ಮಂತ್ರ ಅರ್ಧಕ್ಕ ಬಿಟ್ರು ಅಂತಿದ್ದ. ಸ್ವಾಮಿಗಳು ಕೆಂಡ ಆಗಿದ್ರು. “ಮಂತ್ರ ಪೂರಾ ಹೇಳೀನಿ. ನಿಂಬಿಹಣ್ಣು ನಾಲ್ಕು ಹೇಳಿದ್ದೆ, ಇವರು ಮೂರು ತಂದಾರ, ಕೇಳ್ರಿ!” ನಾನು ಬಾಗಲಾ ತಗದು ಕೈಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಬ್ರೇಕ್ ಪೆಡಲ್ ಮ್ಯಾಲ ಏನೂ ಇಲ್ಲ. ಪಕ್ಕದ ಪೆಡಲ್ ಮ್ಯಾಲ ಕುಂಕುಮ ಹತ್ತಿದ ಕಾಲಿನ ಐದೂ ಬಟ್ಟು ಲಕ್ಷ್ಮಿ ಪಾದ ಬರದಂಗ ಮೂಡಿತ್ತು. ವ್ಯಾಪಾರಿಗಳನ್ನ ಕರದು ತೋರಿಸಿದೆ. ಅವರು ಬಾಳ ಹೊತ್ತು ನೋಡಿದ್ರು. ಆಮ್ಯಾಲ ಸ್ವಾಮಿಗಳ ಕಡೆ ತಿರುಗಿ, “ಮೂರ ಇದ್ದವೇನು ನಿಂಬಿಹಣ್ಣು?” ಅಂದ್ರು.

ಇಂಥದ್ದ ಇನ್ನೊಂದು ನಾರಾಯಣಪೇಟದಾಗ. ಶಾಲಿ ಮಾಸ್ತರು, ಲೆಕ್ಕದ ಮಾಸ್ತರು, ಡ್ರೈವಿಂಗ್ ಸ್ಕೂಲಿನ್ಯಾಗ ಒಂದು ತಿಂಗಳು ಕಲ್ತು, ನನ್ನ ಕೈಲೇನ ಲೈಸೆನ್ಸ್ ತಗೊಂಡಿದ್ರು. ಎಂಟನೇ ದಿನ ಸ್ವಂತ ಕಾರು ಒಯ್ದು ಹಿಟ್ಟಿನ ಗಿರಣಿಗೆ ಹೊಡದ್ರು. ಹಿಟ್ಟು ಮೆತ್ತಕೊಂಡು ನಿಂತಿದ್ರು, ಕಣ್ಣು ಎರಡ ಕಾಣತಿದ್ವು. ವಿಚಾರಸಿದ್ರ ಏನ್ರೀ ಗೊತ್ತಾತು? ಕಲಿಸೋ ಗಾಡಿಯೊಳಗ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರತೈತಿ. ತಿಂಗಳಿಡೀ ಮಾಸ್ತರಿಗೆ ಅಡ್ಡ ಏನು ಬಂದ್ರೂ ಕಲಿಸೋನ ಒತ್ತಿ ನಿಲ್ಲಿಸ್ಯಾನ. ಮಾಸ್ತರ ಕಾಲಿಗೆ ಬ್ರೇಕ್ ಅನ್ನೋದು ದೇವರು ಇದ್ದಂಗ, ಐತಿ ಅಂತ ನಂಬಿಕಿ, ಮುಟ್ಟಿದ್ದಿಲ್ಲ. ಗಿರಣಿ ಎದುರಿಗೆ ಬಂದಾಗ ಯಾರರ ಒತ್ತತಾರ ಅಂತ ಕಾದಾರ. ಲೈಸೆನ್ಸ್ ಕೊಟ್ಟವ ನಾನ ಅಲ್ಲೇನು, ಆ ಮಾತು ರಿಪೋರ್ಟಿನ್ಯಾಗ ಬರೀಲಿಲ್ಲ. ಬರಿಯಾಕ ಜಾಗಾ ಇದ್ದಿಲ್ಲ ಅಂತ ಈಗ ಹೇಳಿದ್ರ ನಂಬತೀರೇನು? ಹೋಗ್ಲಿ ಬಿಡ್ರಿ.

ಇವೆಲ್ಲಾ ನಕ್ಕು ಮರೆಯೋವು. ಮರಿಯಾಕ ಆಗದ್ದು ಗದ್ವಾಲಿನ ಕೇಸು.

ಅಲ್ಲಿ ಹತ್ತಿಬೀಜದ ಸಾಹುಕಾರ ಒಬ್ಬರಿದ್ರು. ಅವರ ಡ್ರೈವರ್ ದಸ್ತಗೀರ್. ಇಪ್ಪತ್ತು ವರ್ಷ ಆ ಮನಿ ಜೀಪು, ಕಾರು ಓಡಿಸಿದವ. ಸಾಹುಕಾರ್ರ ತಾಯೀನ್ನ ದವಾಖಾನಿಗೆ, ಹೆಣ್ಣುಮಕ್ಕಳನ್ನ ತವರಿಗೆ, ಎಲ್ಲಾ ಇವನ ಕರಕೊಂಡು ಹೋಗಬೇಕು. “ದಸ್ತಗೀರ್ ಹೇಳಿದ್ರ ಮುಗೀತು” ಅಂತಿದ್ರು ಆ ಮನ್ಯಾಗ. ಸಾಹುಕಾರರು ಗೇರ್ ಇಲ್ಲದ ಹೊಸಾ ಕಾರು ತಂದ್ರು. ನಾಲ್ಕು ದಿನಕ್ಕ, ಬಜಾರಿನ್ಯಾಗ ಹಿಂದಕ್ಕ ತಗಿಯೋವಾಗ ಗಾಡಿ ಗುಂಡು ಹಾರಿದಂಗ ಹಿಂದ ಹೋಗಿ ಮಿರ್ಚಿ ಬಜ್ಜಿ ಬಂಡಿಗೆ ಗುದ್ದಿತು. ಬಂಡಿಯವ ತಿಮ್ಮಪ್ಪನ ಕಾಲು ಮುರೀತು. ಎಣ್ಣಿ ಬಾಣಲಿ ಆ ಕಡೆ ಬಿದ್ದದ್ದು ಅವನ ಪುಣ್ಯ.

ಠಾಣೆ ಅಂಗಳದಾಗ ದಸ್ತಗೀರ್ ಟೋಪಿ ಕೈಯಾಗ ಹಿಡಕೊಂಡು ನಿಂತಿದ್ದ. “ಬ್ರೇಕ್ ಒತ್ತೀನ್ರೀ ಸಾಹೇಬ್ರ. ಒತ್ತಿದಂಗೆಲ್ಲಾ ಗಾಡಿ ಹಿಂದಕ್ಕ ಓಡಿತ್ರಿ. ಅಲ್ಲಾನ ಆಣೆ, ಕಾಲು ಬ್ರೇಕ್ ಮ್ಯಾಲ ಇತ್ರಿ.”

ಬ್ರೇಕ್ ಆಯಿಲ್ ತುಂಬಿತ್ತು. ಪೈಪು ಚಲೋ ಇದ್ವು. ಠಾಣೆ ಮುಂದಿನ ರಸ್ತೆದಾಗ ನಾನ ಓಡಿಸಿ ಒತ್ತಿ ನೋಡಿದೆ, ಗಕ್ಕನ ನಿಂತಿತು. ಅಷ್ಟಕ್ಕ ಬಿಡೋನಲ್ಲ ನಾನು. ಹಿಂದಿನ ಕೆಂಪು ದೀಪ ಬಿಚ್ಚಿದೆ. ಈ ಕಸಬು ನಾನು ಹೈದರಾಬಾದಿನ ಟ್ರೇನಿಂಗಿನ್ಯಾಗ ಕಲ್ತಿದ್ದೆ. ಬ್ರೇಕ್ ಒತ್ತಿದ್ರ ಆ ಬಲ್ಬ್ ಉರೀತೈತಿ, ಒಳಗಿನ ತಂತಿ ಎಳಿ ಕಾದು ಮೆತ್ತಗಾಗತೈತಿ. ಆವಾಗ ಗುದ್ದಿದ್ರ ಎಳಿ ಜಗ್ಗಿದ ದಾರದಂಗ ಉದ್ದ ಆಗತೈತಿ. ಉರೀದೇ ಇದ್ರ ತಣ್ಣಗಿರತೈತಿ, ಗುದ್ದಿದ್ರ ಪಟಕ್ಕನ ಮುರೀತೈತಿ. ಎರಡೂ ಬಲ್ಬಿನ ಎಳಿ ಪಟಕ್ಕನ ಮುರದಿದ್ವು. ಭೂತಗನ್ನಡಿ ಹಿಡಿದು ಎಸ್.ಐ.ಗೆ ತೋರಿಸಿದೆ, ಪೇದೆಗಳಿಗೆ ತೋರಿಸಿದೆ, ದಸ್ತಗೀರನಿಗೂ ತೋರಿಸಿದೆ. “ನೋಡಪ್ಪಾ, ಬ್ರೇಕ್ ಮ್ಯಾಲ ಕಾಲ ಇದ್ದಿಲ್ಲ. ಗಾಡಿ ಸುಳ್ಳ ಹೇಳಂಗಿಲ್ಲ.”

ಅವ ಬಲ್ಬ್ ನೋಡಿದ, ನನ್ನ ಮಾರಿ ನೋಡಿದ. “ಒತ್ತೀನ್ರೀ ಸಾಹೇಬ್ರ” ಅಂದ.

ನನಗ ಸಿಟ್ಟು ಬಂತು. ಇಷ್ಟು ಚಂದಾಗಿ ತೋರಿಸಿದ ಮ್ಯಾಲೂ ಅದ ರಾಗ! ‘ಗಾಡಿಯೊಳಗ ದೋಷ ಇಲ್ಲ’ ಅಂತ ಬರದು ಸಹಿ ಮಾಡಿದ್ರ ನನ್ನ ಕೆಲಸ ಮುಗೀತಿತ್ತು. ನಾನು ಇನ್ನೊಂದು ಸಾಲು ಬರದೆ. ‘ಚಾಲಕನು ದೇವರ ಮೇಲೆ ಆಣೆ ಮಾಡಿ ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆ.’ ಯಾರೂ ಕೇಳಿದ್ದಿಲ್ಲ. ಆ ಫಾರ್ಮಿನ್ಯಾಗ ಅದಕ್ಕ ಕಾಲಮ್ಮೂ ಇಲ್ಲ. ಅಂಚಿನ್ಯಾಗ ಜಾಗಾ ಮಾಡಿ ಬರದೆ, ಸಣ್ಣ ಅಕ್ಷರದಾಗ, ಚಂದಾಗಿ.

ತಿಮ್ಮಪ್ಪನ ಕಾಲು ಕೂಡಿತು. ಅವ ಕೋರ್ಟಿನ್ಯಾಗ “ಬೇಕಂತ ಹೊಡದಿಲ್ರಿ ಪಾಪ” ಅಂದ. ದಸ್ತಗೀರನಿಗೆ ದಂಡ ಹಾಕಿ ಬಿಟ್ರು. ಅಲ್ಲಿಗೆ ಮುಗೀಬೇಕಿತ್ತು. ಆದ್ರ ರಿಪೋರ್ಟಿನ ನಕಲು ಇನ್ಶೂರೆನ್ಸಿಗೆ ಅಂತ ಸಾಹುಕಾರ್ರ ಕೈಗೆ ಹೋತು. ಅಂಗಡ್ಯಾಗ ಹತ್ತು ಮಂದಿ ಮುಂದ ಓದಿಸ್ಯಾರ. “ಕಾಲು ತಪ್ಪಿದ್ರ ಮಾಫ್ ಮಾಡತಿದ್ದೆ. ದೇವರ ಹೆಸರಿನ್ಯಾಗ ಸುಳ್ಳ ಹೇಳೋನ ಕೂಡ ಮನಿ ಮಂದೀನ್ನ ಹೆಂಗ ಕಳಸಲಿ?” ಅಂತ ಕೆಲಸ ಬಿಡಿಸ್ಯಾರ. ಗದ್ವಾಲಿನ್ಯಾಗ ಮತ್ತೊಬ್ಬರು ಇಟ್ಕೊಳ್ಳಲಿಲ್ಲ. ‘ಸುಳ್ಳ ದಸ್ತಗೀರ’ ಅಂತ ಹೆಸರಾತಂತ. ಪೇದೆ ಒಬ್ಬ ಬಂದು ಇದನ್ನೆಲ್ಲಾ ಹೇಳಿದಾಗ ನನಗ ಕೆಡಕು ಅನಿಸಿತೇನು? ಇಲ್ರಿ. ಖರೇ ಹೇಳತೀನಿ, ಮೀಸಿ ತಿರುವಿದೆ. ನನ್ನ ರಿಪೋರ್ಟಿಗೆ ಎಷ್ಟು ವಜನ ಐತಿ ನೋಡು ಅಂತ.

ಈಗ ಕೆಲವು ಗಾಡಿಯೊಳಗ ಒಂದು ಡಬ್ಬಿ ಇರತೈತಂತ. ವೈರು ಚುಚ್ಚಿದ್ರ ಯಾವ ಹೊತ್ತಿನ್ಯಾಗ ಯಾವ ಪೆಡಲ್ ಒತ್ತಿದ್ರು ಅಂತ ಹೇಳತೈತಂತ. ನಮ್ಮಂಗ ಅಂಗಾತ ಬಿದ್ದು ಆಯಿಲ್ ಕುಡಿಯೋ ಪ್ರಮೇಯ ಇಲ್ಲ. ಬಾಳ ಚಲೋ. ಆದ್ರ ಕಾಲು ಎಲ್ಲಿತ್ತು ಅಂತ ಡಬ್ಬಿ ಹೇಳತೈತಿ. ಆ ಕಾಲಿನ ಧಣಿ ಏನು ತಿಳಕೊಂಡಿದ್ದ ಅಂತ ಹೇಳಂಗಿಲ್ಲ. ಇದು ನನಗ ಗೊತ್ತಾಗಿದ್ದು ರಿಟೈರ್ ಆದ ಮ್ಯಾಲ, ನಮ್ಮ ಮನಿ ಬಾಗಲದಾಗ.

ಅಳಿಯ ಹೊಸಾ ಕಾರು ತಂದಿದ್ದ, ಗೇರ್ ಇಲ್ಲದ್ದು. “ಮಾಮಾರೇ, ನಿಮ್ಮ ಕೈಲೆ ಹೊರಗ ತಗೀರಿ, ಬ್ರೇಕ್ ಸಾಹೇಬ್ರ ಕಾಲ್ಗುಣ ಆಗ್ಲಿ” ಅಂದ. ನನ್ನ ಹೆಂಡ್ತಿ ನೀಲಮ್ಮ ಕಟ್ಟಿ ಮ್ಯಾಲ ಕುಂತು ಜ್ವಾಳಾ ಹಸನ ಮಾಡತಿದ್ದಳು. ನಾನು ಗತ್ತಿನಿಂದ ಕುಂತೆ. ಕುತಗಿ ಹೊರಳಿಸಿ, ನಡಾ ತಿರುವಿ, ಹಿಂದ ನೋಡಕೋತ ಗಾಡಿ ಬಿಟ್ಟೆ. ಬಾಗಲಾ ದಾಟಿತು. ಸಾಕು ಅಂತ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ, ಜಿಗೀತು! ಇನ್ನೂ ಜೋರ್ ಒತ್ತಿದೆ, ಇನ್ನೂ ಜೋರ್ ಹೋತು. ಎದುರು ಮನಿ ನೀರಿನ ಟಾಕಿ ಒಡದು, ನಲ್ಲಿ ಮುರದು, ಕಾರಿನ ಮ್ಯಾಲೆಲ್ಲಾ ಅಭಿಷೇಕ ಆತು. ನಾನು ಇಳಿದವನ ಏನು ಒದರಿರಬೇಕು ಹೇಳ್ರಿ?

“ಬ್ರೇಕ್ ಫೇಲ್!”

ನೀಲಮ್ಮ ಜ್ವಾಳದ ಮೊರ ಕೆಳಗಿಟ್ಟು ಎದ್ದು ಬಂದಳು. “ಪೆಟ್ಟಾತೇನು?” ಅಂದಳು. ಇಲ್ಲ ಅಂದೆ. ಪೆಟ್ಟಾಗಿಲ್ಲ ಅಂತ ಗೊತ್ತಾದ ಮ್ಯಾಲ ಶುರು ಮಾಡಿದಳು. “ನೀವು ಒತ್ತಿದಂಗೆಲ್ಲಾ ಗಾಡಿ ಒದರತಿತ್ತು. ಯಾವ ಬ್ರೇಕು ಒತ್ತಿದ್ರ ಒದರತೈತ್ರಿ?”

“ಬಸವಣ್ಣನ ಆಣೆ, ನನ್ನ ಕಾಲು ಬ್ರೇಕ್ ಮ್ಯಾಲ ಇತ್ತು” ಅಂದೆ. ಅಂದವನ ಅಲ್ಲೇ ನಿಂತುಬಿಟ್ಟೆ. ಈ ಮಾತು ನಾನು ಎಲ್ಲೋ ಕೇಳಿದ್ದೆ.

ಸ್ಕ್ರೂಡ್ರೈವರ್ ತಂದು ಹಿಂದಿನ ದೀಪ ಬಿಚ್ಚಿದೆ. ಭೂತಗನ್ನಡಿ ಹಿಡಿದೆ. ಎಳಿ ಪಟಕ್ಕನ ಮುರದಿತ್ತು. ಮತ್ತ ಕಣ್ಣು ಮುಚ್ಚಿ ಆ ಗಳಿಗಿ ನೆನಸಿಕೊಂಡ್ರ, ಈಗೂ ನನ್ನ ಬಲಗಾಲಿಗೆ ಬ್ರೇಕಿನ ಪೆಡಲ್ ಹತ್ತತೈತಿ! ನಡಾ ತಿರುವಿದಾಗ ಕಾಲೂ ತಿರುಗಿ ಪಕ್ಕದ್ದರ ಮ್ಯಾಲ ಹೋಗೈತಿ. ಅದು ಎಲ್ಲಿ ಹೋತಂತ ನನಗ ಗೊತ್ತ ಆಗಿಲ್ಲ. ಅಂಗಳದಾಗ ಕುಂತು ನೀಲಮ್ಮಗ ಎಲ್ಲಾ ಹೇಳಿದೆ, ಗದ್ವಾಲಿನ ಕಥಿ ಸುದ್ದಾ.

ಆಕಿ ಪೂರಾ ಕೇಳಿದಳು. “ಹಂಗಾರ ಈಗ ನೀವು ಸುಳ್ಳ ಹೇಳಿದ್ರೇನು?”

“ಇಲ್ಲ.”

“ಮತ್ತ ಅವ?”

ಆಕಿ ಮೊರ ಎತ್ತಿಕೊಂಡು, “ಊರಿಗೆಲ್ಲಾ ಬುದ್ಧಿ ಹೇಳಿದ್ರಿ, ಈಗ ಚಪ್ಪಲಿ ಮೆಟ್ಕೊಂಡು ಅವನ ಕಡೆ ಹೋಗ್ರಿ” ಅಂತ ಒಳಗ ಹೋದಳು.

ಹುಡಿಕಿದೆ. ದಸ್ತಗೀರ್ ಗದ್ವಾಲ್ ಬಿಟ್ಟು ಮಕ್ತಲ್‌ಗೆ, ಹೆಂಡ್ತಿ ತವರಿಗೆ ಬಂದಾನ ಅಂತ ಗೊತ್ತಾತು. ಬಸ್ಸಿಗೆ ಹೋದೆ. ಕಾರು ಅಳಿಯ ನನ್ನ ಕೈಗೆ ಕೊಡಲಿಲ್ಲ ಬಿಡ್ರಿ. ಮಕ್ತಲ್‌ನ್ಯಾಗ ರಸ್ತೆ ಪಕ್ಕ ಸಣ್ಣ ಪಂಕ್ಚರ್ ಅಂಗಡಿ. ದಸ್ತಗೀರ್ ಒಂದು ಆಟೋದ ಗಾಲಿಗೆ ಹವಾ ತುಂಬತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನ ನೋಡಿದ ಕೂಡಲೇ ಗುರುತು ಹಿಡಿದ. ಹವಾ ಪೂರಾ ತುಂಬಿ, ಆಟೋದವನ್ನ ಕಳಿಸಿ, ಬೆಂಚು ಒರೆಸಿ “ಕುಂದರ್ರಿ ಸಾಹೇಬ್ರ” ಅಂದ. ನನಗ ಅದಕ್ಕ ಜಾಸ್ತಿ ನಾಚಿಕಿ ಆತು.

ಸುತ್ತಿಬಳಸದೇ ಹೇಳಿದೆ. ಟಾಕಿ, ನಲ್ಲಿ, ಅಭಿಷೇಕ, ಬಲ್ಬು, ಎಲ್ಲಾ. ಅಭಿಷೇಕಕ್ಕೂ ಅವ ನಗಲಿಲ್ಲ. ಒಂದ ಮಾತು ಕೇಳಿದ.

“ಸಾಬ್, ನಿಮಗೂ ಬ್ರೇಕ್ ಒತ್ತಿದಂಗ ಅನಿಸ್ತೇನ್ರಿ?”

“ಅನಿಸ್ತು. ಈಗೂ ಅನಸತೈತಿ.”

ದಸ್ತಗೀರ್ ನೆಲಕ್ಕ ಕುಂತ. “ಮೊದಮೊದಲು ನೀವು ಸುಳ್ಳ ಅಂತ ಬೈದೀನ್ರಿ. ಬಾಳ ಬೈದೀನಿ, ಮಾಫ್ ಮಾಡ್ರಿ. ಆಮ್ಯಾಲ ವಿಚಾರ ಮಾಡಿದೆ. ಇಷ್ಟು ಓದಿದ ಸಾಹೇಬ್ರು ಬಲ್ಬ್ ತೋರಿಸಿ ಹೇಳ್ಯಾರಂದ್ರ ಸುಳ್ಳ ಹೇಳಿದವ ನಾನ ಇರಬೇಕು. ಎಂಟು ವರ್ಷ ಆತ್ರಿ, ನಮಾಜಿನ್ಯಾಗ ಮಾಫಿ ಕೇಳತೀನಿ. ಯಾವ ಸುಳ್ಳಿಗೆ ಅಂತ ನನಗ ಗೊತ್ತಿಲ್ರಿ. ಸುಮ್ಮನ ಕೇಳತೀನಿ.”

ನನ್ನ ಕಣ್ಣಾಗ ನೀರು ಬಂದ್ವು. “ನೀನು ಸುಳ್ಳ ಹೇಳಿಲ್ಲೋ ದಸ್ತಗೀರ್. ಕಾಲು ತಪ್ಪಿತ್ತು, ಅಷ್ಟ. ಸುಳ್ಳ ಬರದವ ನಾನು” ಅಂದೆ.

“ಇನ್ನೊಮ್ಮೆ ಹೇಳ್ರಿ” ಅಂದ. ಹೇಳಿದೆ. “ತಡೀರಿ” ಅಂತ ಎದ್ದು, ಹಿಂದಿನ ಮನ್ಯಾಗಿಂದ ಹೆಂಡ್ತಿ ಫಾತಿಮಾಬೀನ್ನ ಕರಕೊಂಡು ಬಂದ. “ಈಕಿ ಮುಂದ ಹೇಳ್ರಿ.” ಹೇಳಿದೆ. ಪಕ್ಕದ ಚಾದ ಅಂಗಡಿಯವನ್ನ ಕರದ. ಅವನ ಮುಂದೂ ಹೇಳಿದೆ. ಅವಂಗ ತಲಿ ಬುಡ ಗೊತ್ತಿಲ್ಲ, ಆದ್ರೂ “ಹೌದೇನ್ರೀ, ಪಾಪ” ಅಂದು ಮೂರು ಚಾ ಕಳಿಸಿದ.

ಚಾ ಕುಡದ ಮ್ಯಾಲ ದಸ್ತಗೀರ್ ಅಂದ, “ಆವಾಗ ಬರದು ಕೊಟ್ಟಿದ್ರಿ. ಈಗೂ ಬರದು ಕೊಡ್ರಿ.”

“ನಾನು ರಿಟೈರ್ ಆಗೀನಪ್ಪಾ. ನನ್ನ ಹತ್ರ ಶಿಕ್ಕಾ ಇಲ್ಲ, ಫಾರ್ಮ್ ಇಲ್ಲ. ಕಚೇರಿಯೊಳಗ ನಡಿಯಂಗಿಲ್ಲ.”

“ಕಚೇರಿಗೆ ಯಾಕ್ರೀ? ಸಾಹುಕಾರ್ರು ಇನ್ನೂ ಅದಾರ. ಅವರಿಗೆ ತೋರಸತೀನಿ. ಅವರ ತಾಯಿ ತೀರಿದಾಗ ಹೋಗಿದ್ದೆ, ಬಾಗಲ ಹೊರಗ ನಿಂತು ಬಂದೆ.”

ಫಾತಿಮಾಬೀ ನೋಟ್‌ಬುಕ್ಕಿನ ಹಾಳಿ ಒಂದು ಹರದು ತಂದಳು. ಸಾಹುಕಾರ್ರಿಗೆ ಓದಾಕ ಬರಬೇಕಲ್ಲ, ತೆಲುಗಿನ್ಯಾಗ ಬರದೆ. ಮೊದಲ್ನೇ ಸಾಲು, ಗಾಡಿಯೊಳಗ ದೋಷ ಇದ್ದಿಲ್ಲ. ಎರಡನೇ ಸಾಲು, ಕಾಲು ತಪ್ಪಿ ಪಕ್ಕದ ಪೆಡಲ್ ಮ್ಯಾಲ ಹೋಗಿತ್ತು. ಮೂರನೇ ಸಾಲು, ‘ಈಯನ ಅಬದ್ಧಂ ಚೆಪ್ಪಲೇದು’, ಇವರು ಸುಳ್ಳ ಹೇಳಿಲ್ಲ. ಕೆಳಗ ನನ್ನ ಹೆಸರು, ಹುದ್ದೆ. ಹುದ್ದೆ ಮುಂದ ‘ಮಾಜಿ’ ಅಂತ ಬರದು ಸಹಿ ಮಾಡಿದೆ. ಸರ್ವಿಸಿನ್ಯಾಗ ಅಷ್ಟು ನಿಧಾನಕ್ಕ ನಾನು ಸಹಿ ಮಾಡಿದ್ದಿಲ್ಲ.

ದಸ್ತಗೀರನಿಗೆ ಓದು ಬರಂಗಿಲ್ಲ. ಫಾತಿಮಾಬೀ ಜೋರಾಗಿ ಓದಿದಳು. ಮುಗಿದ ಮ್ಯಾಲ ಅವ ಕೇಳಿದ, “ಸುಳ್ಳ ಹೇಳಿಲ್ಲ ಅಂತ ಎಲ್ಲಿ ಬರದಾರ? ಬಟ್ಟಿಟ್ಟು ತೋರಸು.”

ಆಕಿ ಬೆರಳಿಟ್ಟು ತೋರಿಸಿದಳು. ಅವ ಕೈ ಅಂಗಿಗೆ ಒರಸಿಕೊಂಡು, ಆಕಿ ಬಟ್ಟು ತಗದ ಜಾಗದಾಗ ತನ್ನ ಬಟ್ಟಿಟ್ಟ. ಗಾಲಿ ಮಸಿ ಹತ್ತಿದ ಬಟ್ಟು. ಹಾಳಿ ಮ್ಯಾಲ ಕರೀ ಗುರುತು ಮೂಡಿತು, ಆದ್ರೂ ತಗೀಲಿಲ್ಲ.

ನಾರಾಯಣಪೇಟದ ಬಸ್ಸು ಬಂತು. ಹಾರ್ನ್ ಹೊಡೀತು. ನಾನು ಎದ್ದು ನಿಂತೆ, ಅವನ ಬಟ್ಟು ಇನ್ನೂ ಆ ಸಾಲಿನ ಮ್ಯಾಲ ಇತ್ತು. ಬಸ್ಸು ಹೋತು. ನಾನು ಮತ್ತ ಅವನ ಪಕ್ಕ ಕುಂತೆ.